ರಾಯಭಾರಿಯ ವೇಷ

ಡೆನ್ಮಾರ್ಕಿನ ಮಾಡ್ಸ್ ಬ್ರ್ಯೂಗರ್ 2011ರಲ್ಲಿ ಹೊರತಂದ ‘ದಿ ಅಂಬಾಸಡರ್’ ಎಂಬ ಸಾಕ್ಷ್ಯಚಿತ್ರವನ್ನು ಸಾಹಸದ ಕೃತಿಯೆಂದು ಹೊಗಳುವುದು ಸುಲಭ. ನನಗೆ ಅದು ಮೊದಲು ಪ್ರಹಸನವಾಗಿ ಕಾಣುತ್ತದೆ. ಪ್ರಹಸನವನ್ನು ಕೇಳಬೇಕಾದ ಪ್ರಶ್ನೆಯನ್ನೇ ಇದನ್ನೂ ಕೇಳಬೇಕು: ಇಲ್ಲಿ ನಗೆಪಾಟಲಾದವರು ಯಾರು?

ಕಥೆ, ಅದನ್ನು ಕಥೆಯೆನ್ನಬಹುದಾದರೆ, ಇಷ್ಟು. ಬ್ರ್ಯೂಗರ್ ದಲ್ಲಾಳಿಗಳಿಗೆ ಹಣ ತೆತ್ತು ಲೈಬೀರಿಯದ ರಾಜತಾಂತ್ರಿಕನ ಪಾಸ್‌ಪೋರ್ಟು ಸಂಪಾದಿಸುತ್ತಾನೆ. ಮಧ್ಯ ಆಫ್ರಿಕಾ ಗಣರಾಜ್ಯದ ರಾಜಧಾನಿ ಬಾಂಗಿಗೆ ಹೋಗಿ ಬಿಡಾರ ಹೂಡುತ್ತಾನೆ. ಹೊರಗೆ ಹೇಳಿಕೊಳ್ಳುವುದು ಬೆಂಕಿಕಡ್ಡಿಯ ಕಾರ್ಖಾನೆ, ಒಳಗಿನ ವ್ಯವಹಾರ ವಜ್ರ. ಬಚ್ಚಿಟ್ಟ ಕ್ಯಾಮರಾ ಎಲ್ಲವನ್ನೂ ನೋಡುತ್ತಿರುತ್ತದೆ.

1961ರ ವಿಯೆನ್ನಾ ಒಪ್ಪಂದದಂತೆ ರಾಜತಾಂತ್ರಿಕನನ್ನು ಬಂಧಿಸುವಂತಿಲ್ಲ, ರಾಯಭಾರದ ಚೀಲವನ್ನು ಬಿಚ್ಚುವಂತಿಲ್ಲ. ದೇಶದೇಶಗಳ ನಡುವಣ ಮಾತುಕತೆ ನಿರ್ಭಯವಾಗಿ ನಡೆಯಲೆಂದು ಮಾಡಿದ ಕಟ್ಟಳೆ ಇದು. ಆದರೆ ಬಿಚ್ಚಬಾರದ ಚೀಲದಲ್ಲಿ ಕಾಗದವೂ ಹೋದೀತು, ವಜ್ರವೂ ಹೋದೀತು! ಬ್ರ್ಯೂಗರ್ ಇದರ ಮೇಲೆ ಉಪನ್ಯಾಸ ಮಾಡುತ್ತ ಕೂರುವುದಿಲ್ಲ. ಸವಾರಿಯ ಬೂಟು, ಕಪ್ಪು ಕನ್ನಡಕ, ಸಿಗರೇಟಿನ ಕೊಳವೆ—ವಸಾಹತುಗಾಲದ ದೊರೆಯಂತೆ ವೇಷ ಕಟ್ಟಿ ಬರುತ್ತಾನೆ. ಕಂಡವರಿಗೆ ಸಂದೇಹ ಬರಬೇಕು; ಬಂದಂತೆ ತೋರುವುದಿಲ್ಲ. ಲಕೋಟೆ ಕೈದಾಟುತ್ತದೆ, ಉಪಚಾರ ನಡೆಯುತ್ತದೆ. ವೇಷ ಅತಿಯಾದಷ್ಟೂ ನಂಬಿಕೆ ಗಟ್ಟಿಯಾಗುವುದೇ ಈ ಚಿತ್ರದ ಕಹಿ ಹಾಸ್ಯ.

ವಜ್ರವೂ ವಿಡಂಬನೆಯೂ ಆ ದೇಶದ ಚರಿತ್ರೆಯಲ್ಲಿ ಹಿಂದೆಯೂ ಎದುರಾಗಿದ್ದುಂಟು. ಅಲ್ಲಿನ ಬೊಕಾಸಾನಿಂದ ಫ್ರಾನ್ಸಿನ ಜಿಸ್ಕಾರ್ ದೆಸ್ತೆಂ ವಜ್ರಗಳನ್ನು ಪಡೆದ ಸಂಗತಿಯನ್ನು 1979ರಲ್ಲಿ ಬಯಲಿಗೆಳೆದದ್ದು ‘ಲ ಕನಾರ್ ಆಂಶೆನೆ’ ಎಂಬ ಪ್ಯಾರಿಸ್ಸಿನ ವಿಡಂಬನ ಪತ್ರಿಕೆ. ಜಿಸ್ಕಾರ್ ಆಗ ರಾಷ್ಟ್ರಾಧ್ಯಕ್ಷ. ಆ ನಗೆ ತಾಗಿದ್ದು ಮೇಲೆ ಕುಳಿತವನಿಗೆ.

ಬ್ರ್ಯೂಗರನ ನಗೆಗೆ ಈ ವಿವೇಕ ಉದ್ದಕ್ಕೂ ಉಳಿದಿಲ್ಲ. ಹೊರಗಿನವರು ಪಿಗ್ಮಿಗಳೆಂದು ಕರೆಯುವ ಕಾಡಿನ ಜನರನ್ನು ಅವನು ಕಾರ್ಖಾನೆಗೆಂದು ಸೇರಿಸಿಕೊಳ್ಳುತ್ತಾನೆ. ಆ ಕಾರ್ಖಾನೆ ವೇಷದ ಒಂದು ಭಾಗವೆಂದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಲಂಚ ತಿಂದ ಅಧಿಕಾರಿಯೂ ಮೋಸಹೋದ, ನಿಜ. ಅವನು ಮೋಸದ ಅಂಗಡಿಯಲ್ಲೇ ಕುಳಿತವನು. ಕೂಲಿಯ ಆಸೆಯಿಂದ ಬಂದವನು ಯಾವ ತಪ್ಪಿಗಾಗಿ ನಗೆಯ ಸಾಮಗ್ರಿಯಾಗಬೇಕು? ಬಿಳಿಯರ ದರ್ಪವನ್ನು ಹಂಗಿಸುವುದಕ್ಕೇ ಈ ವೇಷ ಎಂದು ಸಮಾಧಾನ ಹೇಳುವವರುಂಟು. ಇರಬಹುದು. ಆದರೆ ವೇಷಧಾರಿ ಬಣ್ಣ ತೊಳೆದು ಡೆನ್ಮಾರ್ಕಿಗೆ ಹೊರಡಬಲ್ಲ. ಅವರು ಎಲ್ಲಿಗೆ ಹೋದಾರು?

ನನ್ನ ಮನಸ್ಸಿನಲ್ಲಿ ನಿಂತ ದೃಶ್ಯದಲ್ಲಿ ನಗೆಯೇ ಇಲ್ಲ. ದೇಶದ ಭದ್ರತಾ ವಿಭಾಗದ ಮುಖ್ಯಸ್ಥ ಫ್ರಾನ್ಸಿನ ಕೈವಾಡಗಳನ್ನು ಕುರಿತು ಮಾತನಾಡುವ ದೃಶ್ಯ ಅದು. ಆ ಮನುಷ್ಯ ಮುಂದೆ ಕೊಲೆಯಾದ. ಬ್ರ್ಯೂಗರ್ ಅಲ್ಲಿ ಕೇಳುತ್ತ ಕುಳಿತಿದ್ದಾನೆ. ಅವನ ವೇಷದ ಕಡೆಗೆ ನನ್ನ ಕಣ್ಣು ಹೋಗಲೇ ಇಲ್ಲ.