ಭಾಕಣೂಕಕ್ಕೊಂದು ವಹಿ

ನಿಪ್ಪಾಣಿ ತಾಲ್ಲೂಕಿನ ಕುರ್ಲಿ–ಅಪ್ಪಾಚಿವಾಡಿಯ ಹಾಲಸಿದ್ಧನಾಥನ ಜಾತ್ರೆಗೆ ಗಡಿಯ ಎರಡೂ ಕಡೆಯ ಜನ ಸೇರುವುದು ಭಾಕಣೂಕವೆಂಬ ಭವಿಷ್ಯನುಡಿ ಕೇಳಲಿಕ್ಕೆ. ಮುಂದಿನ ಮಳೆ, ಬೆಳೆ, ಧಾರಣೆ, ರೋಗರುಜಿನ, ರಾಜಕೀಯದ ಏರುಪೇರು ಎಲ್ಲವೂ ಆ ನುಡಿಯೊಳಗೆ ಬರುತ್ತವೆ. ಆಮೇಲೆ ಅದು ಪತ್ರಿಕೆಗಳಲ್ಲೂ ಅಚ್ಚಾಗುತ್ತದೆ. ಕಣ್ಣು ಕಿವಿಗೆ ನಿಲುಕದ್ದು ತಿಳಿಯುತ್ತದೆ ಎನ್ನುವವರು ಸಾಮಾನ್ಯವಾಗಿ ಕತ್ತಲ ಕೋಣೆ ಹುಡುಕುತ್ತಾರೆ. ಇಲ್ಲಿ ಅದು ಸಾವಿರಾರು ಜನರೆದುರು, ತಾರೀಖಿನ ಸಮೇತ ನಡೆಯುತ್ತದೆ. ಪರೀಕ್ಷೆ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಸರಕು ಎಲ್ಲಿ ಸಿಕ್ಕೀತು?

ನಮ್ಮ ರಾಜ್ಯದ ತನಿಖೆಯ ಆಸಕ್ತಿ ಮಾತ್ರ ಬೇರೆ ದಾರಿ ಹಿಡಿಯಿತು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿ ನೇಮಿಸಿದರು. ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆ ಇಂಥ ಪ್ರಶ್ನೆ ಕೇಳಿದ್ದೇ ದೊಡ್ಡದು. ಭೌತವಿಜ್ಞಾನಿಯಾದ ಎಚ್.ಎನ್. ಅವರ ಧೈರ್ಯದ ಬಗ್ಗೆ ನನಗೆ ತಕರಾರಿಲ್ಲ, ವಿಧಾನದ ಬಗ್ಗೆ ಇದೆ. ಸಮಿತಿ ಸತ್ಯಸಾಯಿಬಾಬಾ ಅವರಿಗೆ ಮೂರು ಪತ್ರ ಬರೆಯಿತು, ಉತ್ತರ ಬರಲಿಲ್ಲ. ಉತ್ತರಿಸದಿರುವುದನ್ನೇ ಎಚ್.ಎನ್. ಪವಾಡ ಸುಳ್ಳೆನ್ನುವುದಕ್ಕೆ ಒಂದು ಕುರುಹಾಗಿ ಎಣಿಸಿದರು. ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ವಾಗ್ವಾದ ನಡೆಯಿತು. ಆದರೆ ಮೌನ ಅನುಮಾನಕ್ಕೆ ಎಡೆ ಕೊಡುತ್ತದೆಯೇ ಹೊರತು ಪ್ರಯೋಗದ ಫಲಿತಾಂಶ ಆಗುವುದಿಲ್ಲ. ಅದೇ ವರ್ಷ ಪಾಂಡವಪುರದ ಬಾಲಕನೊಬ್ಬನ ಕೈಯಿಂದ ಉದುರುತ್ತಿದ್ದ ವಿಭೂತಿ ಬಟ್ಟೆಯೊಳಗೆ ಅಡಗಿತ್ತೆಂಬುದು ಬಯಲಾಯಿತು. ಸಮಿತಿಯವರು ಅಲ್ಲಿ ಹೋಗಿ ನೋಡಿದರು, ಗೊತ್ತಾಯಿತು. ಎರಡರ ನಡುವಿನ ಅಂತರ ಇಷ್ಟೇ.

1977ರಲ್ಲಿ ಸಮಿತಿಯ ಕೆಲಸ ನಿಂತಿತು. ನಾಲ್ಕು ದಶಕದ ನಂತರ ಬಂದದ್ದು ಕಾನೂನು. ಕಾಗಲ್ ಕಡೆ ದಾಟಿದರೆ ಮಹಾರಾಷ್ಟ್ರದ 2013ರ ಕಾಯ್ದೆ, ಮೂಢನಂಬಿಕೆ ವಿರೋಧಿ ಹೋರಾಟಗಾರ ದಾಭೋಲ್ಕರ್ ಹತ್ಯೆಯ ಬೆನ್ನಲ್ಲೇ ಹುಟ್ಟಿದ್ದು. ಈಚೆ ಕಡೆ ನಮ್ಮ 2017ರ ಮೌಢ್ಯ ನಿಷೇಧ ಕಾಯ್ದೆ, ಜಾರಿಗೆ ಬಂದದ್ದು 2020ರಲ್ಲಿ. ಹಾವು ಕಚ್ಚಿದವರಿಗೆ ಔಷಧ ತಪ್ಪಿಸುವವರನ್ನು ಹಿಡಿಯಲು ಇಂಥ ಕಾನೂನು ಬೇಕೇಬೇಕು. ಆದರೆ ಅದು ಕೇಳುವುದು ಯಾರಿಗೆ ಹಾನಿಯಾಯಿತು ಎಂದು; ಹೇಳಿದ ಮಾತು ನಿಜವಾಯಿತೇ ಎಂದಲ್ಲ. ಜ್ಯೋತಿಷ್ಯ, ವಾಸ್ತು ಸಲಹೆಗಳನ್ನಂತೂ ಹೊರಗೇ ಇಟ್ಟಿದೆ. ಟಿ.ವಿ. ಜ್ಯೋತಿಷಿಗಳು ನಿಶ್ಚಿಂತರು.

ಕಣ್ಣಿಗೆ ನಿಲುಕದ್ದು ತಿಳಿಯುತ್ತದೆಯೇ ಎಂಬ ಪರೀಕ್ಷೆಗೇ ಅಮೆರಿಕ ಸುಮಾರು 2 ಕೋಟಿ ಡಾಲರ್ ಸುರಿಯಿತು. 1970ರ ದಶಕದಲ್ಲಿ ಶುರುವಾಗಿ ಕೊನೆಗೆ ‘ಸ್ಟಾರ್‌ಗೇಟ್’ ಎಂಬ ಹೆಸರು ಪಡೆದ ಯೋಜನೆಯ ಗುರಿ, ಕುಳಿತಲ್ಲೇ ದೂರದ ಸೇನಾ ನೆಲೆ ಕಾಣುವವರನ್ನು ಹುಡುಕುವುದಾಗಿತ್ತು. 1995ರಲ್ಲಿ ಸಂಖ್ಯಾಶಾಸ್ತ್ರಜ್ಞೆ ಜೆಸಿಕಾ ಅಟ್ಸ್ ಮತ್ತು ಮನಶ್ಶಾಸ್ತ್ರಜ್ಞ ರೇ ಹೈಮನ್ ಅದನ್ನು ಪರಿಶೀಲಿಸಿದರು. ಅಟ್ಸ್ ಅವರಿಗೆ ಅಂಕಿಗಳಲ್ಲಿ ಏನೋ ಇದೆ ಅನ್ನಿಸಿತು, ಹೈಮನ್ ಒಪ್ಪಲಿಲ್ಲ. ಬೇಹುಗಾರಿಕೆಗೆ ಮಾತ್ರ ಒಂದು ಸಲವೂ ಉಪಯೋಗಕ್ಕೆ ಬರಲಿಲ್ಲವೆಂದು ವರದಿ ಹೇಳಿತು: ಕಂಡದ್ದೆಲ್ಲ ಮಸುಕು, ಯಾವುದಕ್ಕೂ ಹೊಂದಿಸಬಹುದಾದದ್ದು.

ನಮ್ಮ ನುಡಿಗಳ ಕಥೆಯೂ ಬೇರೆಯಲ್ಲ. ‘ಮಳೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ’ ಎಂಬ ಧಾಟಿಯ ಮಾತು ಚಿಕ್ಕೋಡಿ, ಅಥಣಿಗಳಂಥ ಸೀಮೆಯಲ್ಲಿ ತಪ್ಪುವುದಾದರೂ ಹೇಗೆ? ಕೃಷ್ಣೆಗೆ ಮಹಾಪೂರ ಬಂದು ಕಾಗವಾಡ, ರಾಯಬಾಗದ ನದಿದಂಡೆ ಮುಳುಗಿದಾಗಲೂ ಅಥಣಿಯ ಒಣಭೂಮಿ ಮುಗಿಲು ನೋಡುತ್ತಿರಬಹುದು. ನುಡಿ ಎರಡೂ ಕಡೆ ಗೆದ್ದಂತೆ.

ಇಂಥ ನುಡಿಯನ್ನು ಪರೀಕ್ಷಿಸಲು ಪೊಲೀಸರು ಬೇಡ, ಒಂದು ವಹಿ ಸಾಕು. ನಿಪ್ಪಾಣಿಯ ಯಾವುದಾದರೂ ಕಾಲೇಜು ಜಾತ್ರೆಯ ದಿನವೇ ನುಡಿಯನ್ನು ಅಕ್ಷರಶಃ ಬರೆದುಕೊಳ್ಳಲಿ. ಅಳೆಯಬಹುದಾದ ಮಾತು ಯಾವುದು, ಆಗದ್ದು ಯಾವುದು ಎಂಬುದನ್ನು ದೇವಸ್ಥಾನದವರ ಜೊತೆ ಕುಳಿತು ಆಗಲೇ ವಿಂಗಡಿಸಲಿ. ಆಗದ್ದಕ್ಕೆ ಅಂಕವೂ ಇಲ್ಲ, ಹಂಗಿಸುವುದೂ ಇಲ್ಲ. ಮಳೆಯ ಲೆಕ್ಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳಿಂದ ಪಂಚಾಯಿತಿವಾರು ಸಿಗುತ್ತದೆ, ಧಾರಣೆ ಎಪಿಎಂಸಿಯಲ್ಲಿದೆ. ಹವಾಮಾನ ಇಲಾಖೆಯ ಮುಂಗಾರು ಮುನ್ಸೂಚನೆಗೂ ಅದೇ ಪುಟದಲ್ಲಿ ಒಂದು ಕಾಲಂ ಇರಲಿ. ಆ ಇಲಾಖೆ ತನ್ನ ಮುನ್ಸೂಚನೆ ಎಷ್ಟು ತಪ್ಪಿತೆಂಬುದನ್ನು ಹಂಗಾಮು ಮುಗಿದ ಮೇಲೆ ತಾನೇ ಪ್ರಕಟಿಸುತ್ತದೆ.