ಥರ್ಸ್ಟನ್ನನ ಗ್ರಂಥದಲ್ಲಿ ಬಡಗರು: ವೇಷ ಮತ್ತು ವ್ಯಕ್ತಿ

ಎಡ್ಗರ್ ಥರ್ಸ್ಟನ್ 1885ರಿಂದ 1908ರವರೆಗೆ ಮದ್ರಾಸಿನ, ಅಂದರೆ ಇಂದಿನ ಚೆನ್ನೈನ, ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯದ ಅಧೀಕ್ಷಕನಾಗಿದ್ದನು. ಕೆ. ರಂಗಾಚಾರಿಯವರ ನೆರವಿನಿಂದ ಆತನು ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳನ್ನು ಕುರಿತ ಏಳು ಸಂಪುಟಗಳ ಸಚಿತ್ರ ಗ್ರಂಥವನ್ನು 1909ರಲ್ಲಿ ಪ್ರಕಟಿಸಿದನು. ಕನ್ನಡಕ್ಕೆ ಅತಿ ಸಮೀಪದ ನುಡಿಯನ್ನಾಡುವ ನೀಲಗಿರಿಯ ಬಡಗರು ಅದರ ಮೊದಲ ಸಂಪುಟದಲ್ಲಿಯೇ ಬರುತ್ತಾರೆ.

ಇಂತಹ ಭಾವಚಿತ್ರಗಳನ್ನು ‘ಸಾಂಪ್ರದಾಯಿಕ ವೇಷ’ದ ನೇರ ಸಾಕ್ಷ್ಯವೆಂದು ಸ್ವೀಕರಿಸುವುದು ಸುಲಭ, ಆದರೆ ಅದು ಸಾಧುವಲ್ಲ. ಥರ್ಸ್ಟನ್ನನಿಗೆ ಕ್ಯಾಮರಾ ಮತ್ತು ಅಳತೆಪಟ್ಟಿ ಜೊತೆಜೊತೆಯ ಉಪಕರಣಗಳು. ಮೂಗು, ತಲೆ, ಎತ್ತರಗಳನ್ನು ಅಳೆದು ಸಮುದಾಯದ ‘ಮಾದರಿ’ಯನ್ನು ನಿರ್ಧರಿಸುವುದು ಆತನ ಗುರಿ. ಆದುದರಿಂದಲೇ ಚಿತ್ರದಡಿಯಲ್ಲಿ ಸಾಮಾನ್ಯವಾಗಿ ಸಮುದಾಯದ ಹೆಸರಿರುತ್ತದೆ, ಕುಳಿತವರ ಹೆಸರಿರುವುದಿಲ್ಲ.

ಬಡಗ ಸ್ತ್ರೀಯರ ಬಿಳಿಯ ವಸ್ತ್ರ, ತಲೆವಸ್ತ್ರ, ಹಣೆಯ ಹಚ್ಚೆ ಇವು ಸುಳ್ಳಲ್ಲ. ಅವು ಕಾಲಾತೀತವೆಂಬ ಗ್ರಹಿಕೆ ಮಾತ್ರ ಸುಳ್ಳು. ಕೇತಿಯಲ್ಲಿ ಬಾಸೆಲ್ ಮಿಷನ್ 1846ರಲ್ಲಿಯೇ ನೆಲೆಯೂರಿತ್ತು. ಗ್ರಂಥ ಪ್ರಕಟವಾಗುವ ವೇಳೆಗೆ ಬೆಟ್ಟದಲ್ಲಿ ಶಾಲೆ, ತೋಟ, ಪೇಟೆಗಳು ಬೇರುಬಿಟ್ಟಿದ್ದವು. ಬಡಗರ ಮೊದಲ ಪದವೀಧರರೆನಿಸಿ, ಮುಂದೆ ಮದ್ರಾಸಿನ ಶಾಸನಸಭೆಯಲ್ಲಿ ನೀಲಗಿರಿಯನ್ನು ಪ್ರತಿನಿಧಿಸಿದ ಆರಿ ಗೌಡರ್ ಆಗ ತರುಣರು. ಅಂತಹವರಿಗೆ ‘ಮಾದರಿ’ಯ ಚೌಕಟ್ಟಿನಲ್ಲಿ ಸ್ಥಳವಿಲ್ಲ.

ಆದುದರಿಂದ ಈ ಚಿತ್ರಗಳನ್ನು ಮರುಮುದ್ರಿಸುವ ಸಂಶೋಧಕರು ವೇಷದ ವಿವರಣೆಯಲ್ಲಿಯೇ ನಿಲ್ಲಬಾರದು. ತೆಗೆದವರು ಯಾರು, ಯಾವ ಉದ್ದೇಶಕ್ಕೆ, ಯಾರ ಹೆಸರನ್ನು ಬಿಟ್ಟು ಎಂಬುದನ್ನೂ ದಾಖಲಿಸಬೇಕು. ಬಡಗ ಮನೆಗಳಲ್ಲಿ ತಾವಾಗಿ ತೆಗೆಸಿ ಉಳಿಸಿಕೊಂಡ ಭಾವಚಿತ್ರಗಳೊಡನೆ ಅವನ್ನು ಹೋಲಿಸಿದಾಗಲೇ ವೇಷದ ಹಿಂದಿನ ವ್ಯಕ್ತಿ ಗೋಚರಿಸುತ್ತಾನೆ.