ಬೀಳುವ ಸವಾರ

ಕುದುರೆ ಸವಾರರ ಪ್ರತಿಮೆಗಳೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಕತ್ತಿ ಎತ್ತಿ ನಿಂತ ವೀರರನ್ನು ಶಾಲಾ ಪ್ರವಾಸಗಳಲ್ಲಿ ಮಕ್ಕಳಿಗೆ ತೋರಿಸಿ ತೋರಿಸಿ ದಣಿದವಳು ನಾನು. ಹಾಗಾಗಿ ಇಟಲಿಯ ಶಿಲ್ಪಿ ಮರೀನೊ ಮರೀನಿಯ (1901–1980) ಸವಾರನನ್ನು ಪುಸ್ತಕವೊಂದರಲ್ಲಿ ಕಂಡಾಗ ಬೆರಗಾಯಿತು. ಇವನ ಕೈಯಲ್ಲಿ ಕತ್ತಿಯಿಲ್ಲ, ಲಗಾಮೂ ಇಲ್ಲ. ವೆನಿಸ್ಸಿನ ಕಾಲುವೆಯ ದಡದಲ್ಲಿರುವ 1948ರ 'ನಗರದ ದೇವದೂತ'ದಲ್ಲಿ ಆತ ತೋಳು ಚಾಚಿ ಕೂತಿದ್ದಾನೆ. ಮುಂದಿನ ವರ್ಷಗಳ 'ಪವಾಡ' ಶಿಲ್ಪಗಳಲ್ಲಿ ಕುದುರೆ ಮುಗಿಲಿಗೆ ನಿಗುರಿದರೆ ಸವಾರ ಹಿಂದಕ್ಕೆ ಜಾರುತ್ತಾನೆ. ಎರಡನೆಯ ಮಹಾಯುದ್ಧ ಕಂಡವನ ಕೆಲಸ ಇದು.

ಆದರೆ ನಾನು ಹೇಳಹೊರಟಿದ್ದು ಕಂಚಿನ ಮಾತಲ್ಲ, ಅವನ ಅಚ್ಚುಚಿತ್ರಗಳ ಮಾತು. ಹೆಸರಾದ ಶಿಲ್ಪಿ ಕಾಗದದ ಮೇಲೆ ಅಚ್ಚು ಹಾಕಿದರೆ ಅದು ಶಿಲ್ಪದ ಅಗ್ಗದ ನಕಲು ಎಂಬ ಗುಮಾನಿ ನನಗಿತ್ತು. ಮರೀನಿಯ ಮಟ್ಟಿಗೆ ಅದು ಅರ್ಧ ತಪ್ಪು. ಫ್ಲಾರೆನ್ಸಿನ ಅಕಾಡೆಮಿಯಲ್ಲಿ ಅವನು ಮೊದಲು ಕಲಿತದ್ದು ಚಿತ್ರಕಲೆ, ಶಿಲ್ಪ ಆಮೇಲೆ. ಬಣ್ಣ ಅವನಿಗೆ ಬಾಡಿಗೆ ಮನೆಯಲ್ಲ. 1969ರ ಕಲ್ಲಚ್ಚಿನ ಸಂಪುಟವೊಂದರ ಹೆಸರೇ 'ಬಣ್ಣದಿಂದ ರೂಪಕ್ಕೆ'.

ಕಲ್ಲಚ್ಚೆಂದರೆ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ಒದ್ದೆ ಮಾಡಿ, ಶಾಯಿ ಸವರುವುದು. ನೀರಿದ್ದಲ್ಲಿ ಶಾಯಿ ಹತ್ತದು, ಜಿಡ್ಡಿದ್ದಲ್ಲಿ ಹತ್ತುತ್ತದೆ. (ಎಣ್ಣೆ ಕೈಯಲ್ಲಿ ಕಾಪಿ ಪುಸ್ತಕ ಮುಟ್ಟುವ ನನ್ನ ಮಕ್ಕಳಿಗೆ ಇದರ ಅರ್ಧ ಗುಟ್ಟು ಗೊತ್ತು.) ಕೆಂಪು, ನೀಲಿ, ಹಳದಿಗಳು ಅಲ್ಲಿ ಹರವಾಗಿ ಬಂದು ಕೂರುತ್ತವೆ. ಕಣ್ಣಿಗೆ ಹಬ್ಬ, ಸುಳ್ಳಲ್ಲ. ಅಂಥದೊಂದನ್ನು ತರಗತಿಯ ಗೋಡೆಗೆ ಅಂಟಿಸಿದ್ದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ಅವ್ನು ಬೀಳ್ತಿದಾನಾ, ಕುಣೀತಿದಾನಾ?"

ನನಗೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆ ಮನೆಗೂ ಬಂತು. ಪುಸ್ತಕ ತೆಗೆದು ಮತ್ತೆ ಮತ್ತೆ ನೋಡಿದೆ. ಕಂಚಿನಲ್ಲಿ ಬೀಳುವವನಿಗೆ ಭಾರವಿದೆ, ನೆಲ ಕಾದಿದೆ. ಬಣ್ಣದ ಕಲ್ಲಚ್ಚಿನಲ್ಲಿ ನೆಲವೇ ಇಲ್ಲ. ಸವಾರನೂ ಸರ್ಕಸ್ಸಿನವನೂ ಒಂದೇ ಹೊಳಪಿನಲ್ಲಿ ತೇಲುತ್ತಾರೆ, ಭಯ ಅಲಂಕಾರವಾಗಿಬಿಡುತ್ತದೆ. ನನ್ನ ಗುಮಾನಿಯ ಉಳಿದರ್ಧ ಇಲ್ಲಿ ನಿಜವಾಯಿತು.

ಎಚ್ಚಿಂಗ್‌ಗಳ ಕತೆ ಬೇರೆ. ಮೇಣದಂಥ ಲೇಪ ಬಳಿದ ಲೋಹದ ಹಾಳೆಯನ್ನು ಸೂಜಿಯಿಂದ ಗೀರಿ ಆಸಿಡ್ಡಿಗೆ ಇಳಿಸುತ್ತಾರೆ, ಗೀರಿದಲ್ಲಿ ಲೋಹ ಸವೆಯುತ್ತದೆ. ಅಲ್ಲಿ ಮರೀನಿಯ ಗೆರೆ ಒರಟು, ಅವಸರದ್ದು. ಕುದುರೆಯ ಕತ್ತು ಎಲ್ಲಿ ಮುಗಿಯಿತು, ಸವಾರನ ಬೆನ್ನು ಎಲ್ಲಿ ಶುರುವಾಯಿತು ಎಂದು ಹೇಳುವುದೇ ಕಷ್ಟ. ಇಬ್ಬರೂ ಕೂಡಿಯೇ ಕೆಡೆಯುತ್ತಿದ್ದಾರೆ. ಕಾಗದದ ಮೇಲೆ ಭಾರ ತರಲು ಬಣ್ಣ ಬೇಕಿರಲಿಲ್ಲ.

ಒಂದು ವಿನಾಯಿತಿ ಕೊಡಲೇಬೇಕು. ಸ್ಟ್ರಾವಿನ್ಸ್ಕಿಯ ತಲೆಯನ್ನು ಶಿಲ್ಪವಾಗಿಸಿದ್ದ ಮರೀನಿ, ಎಪ್ಪತ್ತರ ದಶಕದಲ್ಲಿ ಆ ಸಂಗೀತಗಾರನ 1913ರ ಬ್ಯಾಲೆಯ ಪಾತ್ರಗಳನ್ನು ಬಣ್ಣದ ಕಲ್ಲಚ್ಚಿಗೆ ತಂದ. ಅಲ್ಲಿ ಬಣ್ಣ ನನಗೆ ಅತಿಯೆನ್ನಿಸುವುದಿಲ್ಲ. ಆ ಕತೆಯಲ್ಲಿ ವಸಂತಕ್ಕೆ ಬಲಿಯಾಗಿ ಆಯ್ಕೆಯಾದ ಹುಡುಗಿ ಕುಣಿದು ಕುಣಿದೇ ಬಿದ್ದು ಸಾಯುತ್ತಾಳೆ.